ಬಿ.ಕಾಂ. ಮುಗಿಯಿತು, ಲೆಕ್ಕ ಈಗ ಶುರು

ಪಿಯುಸಿ ವಾಣಿಜ್ಯದಲ್ಲಿ ಸೆಬಾ, ಹೀಬಾ ತೆಗೆದುಕೊಂಡವರಿಗೆ ಮುಂದೇನು ಎಂಬ ಪ್ರಶ್ನೆ ಹೆಚ್ಚು ಕಾಡುವುದಿಲ್ಲ. ಬಿ.ಕಾಂ. ಇದ್ದೇ ಇದೆ. ತಾಲ್ಲೂಕು ಕೇಂದ್ರದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇರುತ್ತದೆ, ಊರಿಂದ ಬಸ್ಸಿರುತ್ತದೆ, ಫೀಸು ಮನೆಯವರ ಕೈಗೆ ಎಟುಕುತ್ತದೆ. ಪ್ರಶ್ನೆ ಏಳುವುದು ಮೂರು ವರ್ಷ ಕಳೆದು, ಆರನೆಯ ಸೆಮಿಸ್ಟರ್‌ನ ಕೊನೆಯ ಪೇಪರ್ ಬರೆದು ಹೊರಗೆ ಬಂದ ದಿನ. ನರ್ಸಿಂಗ್ ಓದಿದವಳು ನರ್ಸ್ ಆಗುತ್ತಾಳೆ, ಬಿ.ಎಡ್. ಮಾಡಿದವನು ಮೇಷ್ಟ್ರಾಗುತ್ತಾನೆ. ಬಿ.ಕಾಂ. ಮುಗಿಸಿದವರು ಏನಾಗುತ್ತಾರೆ ಎಂದು ನೆಂಟರ ಮದುವೆಯಲ್ಲಿ ಯಾರಾದರೂ ಕೇಳಿದರೆ ಹುಡುಗರು ತಲೆ ತಗ್ಗಿಸುತ್ತಾರೆ. "ನೋಡ್ಬೇಕು ಅಂಕಲ್, ಬೆಂಗಳೂರಿಗೆ ಹೋಗ್ಬೇಕು ಅಂತಿದೀನಿ" ಎನ್ನುತ್ತಾರೆ.

ನಾನು ಲೆಕ್ಕಪತ್ರದ ಕೆಲಸದಲ್ಲೇ ಬದುಕು ಕಟ್ಟಿಕೊಂಡವನು. ಫಲಿತಾಂಶ ಬಂದ ಮೇಲೆ ಬಯೋಡೇಟಾ ಹಿಡಿದುಕೊಂಡು ನಮ್ಮಂಥ ಆಡಿಟರ್ ಆಫೀಸುಗಳ ಮೆಟ್ಟಿಲು ಹತ್ತುವ ಮಕ್ಕಳನ್ನು ಪ್ರತಿ ವರ್ಷ ಕೂರಿಸಿಕೊಂಡು ಮಾತಾಡಿಸುತ್ತೇನೆ. ಈ ಮಕ್ಕಳಿಗೆ ಏನೂ ಬರುವುದಿಲ್ಲ ಎಂದು ಹೊರಗೆ ಸಲೀಸಾಗಿ ಹೇಳುತ್ತಾರೆ. ಆ ಮಾತು ಸುಳ್ಳು. ಕಂಪನಿ ಅಕೌಂಟ್ಸಿನ ಲೆಕ್ಕವನ್ನು ನಾಲ್ಕು ಪುಟ ತಪ್ಪಿಲ್ಲದೆ ಬಿಡಿಸುವವರು ಅವರಲ್ಲಿದ್ದಾರೆ. ಆದರೆ ಕಲಿತದ್ದನ್ನು ಒಂದು ನಿಜವಾದ ಬಿಲ್ಲಿನ ಮೇಲೆ ಇಟ್ಟು ನೋಡುವ ಅವಕಾಶ ಮೂರು ವರ್ಷದಲ್ಲಿ ಒಮ್ಮೆಯೂ ಅವರಿಗೆ ಸಿಕ್ಕಿರುವುದಿಲ್ಲ. ಹಾಗಾಗಿ ಮೊದಲ ಎರಡು ವರ್ಷದ ನೌಕರಿಯೇ ಅವರ ಪಾಲಿಗೆ ಉಳಿದರ್ಧ ಡಿಗ್ರಿ. ಅದನ್ನು ಎಲ್ಲಿ, ಯಾರ ಕೈಕೆಳಗೆ ಮಾಡುತ್ತಾರೆ ಎಂಬುದನ್ನು ಸಂಬಳದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸುತ್ತಿದ್ದಾರಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ.

ಕಾಲೇಜಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಬಿ.ಕಾಂ. ನಿಂತಿರುವುದು ಜೋಡಿ ನಮೂದು ಪದ್ಧತಿಯ ಮೇಲೆ. ಪ್ರತಿ ವ್ಯವಹಾರಕ್ಕೂ ಎರಡು ಮುಖ, ಒಂದು ಕಡೆ ಡೆಬಿಟ್ ಆದರೆ ಇನ್ನೊಂದು ಕಡೆ ಅಷ್ಟೇ ಮೊತ್ತ ಕ್ರೆಡಿಟ್ ಆಗಬೇಕು. ವೆನಿಸ್ಸಿನ ವ್ಯಾಪಾರಿಗಳು ಬಳಸುತ್ತಿದ್ದ ಈ ಕ್ರಮವನ್ನು ಲೂಕಾ ಪಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ 1494ರಲ್ಲಿ ತನ್ನ ಗಣಿತದ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಐದು ನೂರು ವರ್ಷ ದಾಟಿದರೂ ಆ ತತ್ವ ಅಲ್ಲಾಡಿಲ್ಲ. ಸಂತೆಪೇಟೆಯ ಕಿರಾಣಿ ಅಂಗಡಿಯಿಂದ ಹಿಡಿದು ವೈಟ್‌ಫೀಲ್ಡಿನ ಬಹುರಾಷ್ಟ್ರೀಯ ಕಂಪನಿಯವರೆಗೆ ಎಲ್ಲರೂ ಬರೆಯುವುದು ಅದೇ ಲೆಕ್ಕ. ಅಂಥ ಗಟ್ಟಿ ವಿದ್ಯೆ ಇದು. ಇದನ್ನು ಕಲಿತವರಿಗೆ ಕೀಳರಿಮೆ ಏಕಿರಬೇಕು?

ತರಗತಿಯಲ್ಲಿ ಆ ವಿದ್ಯೆ ಹೀಗೆ ಬರುತ್ತದೆ: "ನಗದಿಗೆ ಸರಕು ಖರೀದಿ, ರೂ. 50,000." ಖರೀದಿ ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್. ಎರಡು ಸಾಲು ಬರೆದರೆ ಮುಗಿಯಿತು. ಯಾವ ಸರಕು, ಯಾರಿಂದ, ಬಿಲ್ಲೆಲ್ಲಿ, ಲಾರಿ ಬಾಡಿಗೆ ಯಾರು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ಮೊತ್ತ ಯಾವಾಗಲೂ ಸೊನ್ನೆಗಳಲ್ಲಿ ಮುಗಿಯುತ್ತದೆ. ತಾಳೆಪಟ್ಟಿ ಕೊನೆಯಲ್ಲಿ ತಾಳೆಯಾಗಿಯೇ ಆಗುತ್ತದೆ, ಏಕೆಂದರೆ ಪುಸ್ತಕ ಬರೆದವರು ಮೊದಲೇ ಕೂಡಿಸಿ ಇಟ್ಟಿದ್ದಾರೆ.

ಈಗ ಅದೇ ಖರೀದಿ ನಮ್ಮ ಟೇಬಲ್ಲಿನ ಮೇಲೆ ಹೇಗೆ ಬರುತ್ತದೆ ನೋಡಿ. ಹಾರ್ಡ್‌ವೇರ್ ಅಂಗಡಿಯವರೊಬ್ಬರು ತಿಂಗಳ ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಹುಡುಗನ ಕೈಯಲ್ಲಿ ಕಳಿಸುತ್ತಾರೆ. ಕೆಲವು ಮಡಚಿವೆ, ಕೆಲವಕ್ಕೆ ಎಣ್ಣೆ ಹತ್ತಿದೆ, ಒಂದರ ಹಿಂದೆ ಯಾರದೋ ಫೋನ್ ನಂಬರ್ ಇದೆ. ಹೊಸದಾಗಿ ಸೇರಿದ ಹುಡುಗಿ ಪಿವಿಸಿ ಪೈಪಿನ ಬಿಲ್ಲೊಂದನ್ನು ಎತ್ತಿಕೊಳ್ಳುತ್ತಾಳೆ. ಸರಕಿನ ಬೆಲೆ 50,000, ಸಿಜಿಎಸ್‌ಟಿ 9 ಪರ್ಸೆಂಟ್ 4,500, ಎಸ್‌ಜಿಎಸ್‌ಟಿ 9 ಪರ್ಸೆಂಟ್ 4,500, ಒಟ್ಟು 59,000. ಅವಳು ಅಭ್ಯಾಸಬಲದಿಂದ 59,000ವನ್ನೂ ಖರೀದಿಗೆ ಹಾಕುತ್ತಾಳೆ. "ಅಲ್ಲಮ್ಮ, ಆ ಒಂಬತ್ತು ಸಾವಿರ ಅವರಿಗೆ ಖರ್ಚಲ್ಲ. ಅದು ಸರ್ಕಾರದ ಹತ್ರ ಅವರಿಗೆ ಇರೋ ಜಮೆ. ಮಾರಿದ ಮಾಲಿನ ಟ್ಯಾಕ್ಸಲ್ಲಿ ಅದನ್ನ ಕಳೀಬೇಕು" ಎಂದು ಪಕ್ಕದಲ್ಲಿ ಕೂತ ಹಿರಿಯರು ಹೇಳುತ್ತಾರೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಲ್ವಾ ಸರ್? ಐದು ಮಾರ್ಕ್ಸಿಗೆ ಬರ್ದಿದೀನಿ" ಎನ್ನುತ್ತಾಳೆ. ಪರೀಕ್ಷೆಯಲ್ಲಿ ಬರೆದದ್ದು, ಅಂಕ ಬಂದದ್ದು ಎಲ್ಲ ನಿಜ. ಅದು ಈ ಎಣ್ಣೆ ಹತ್ತಿದ ಕಾಗದದಲ್ಲಿ ಇದೆ ಎಂಬುದು ಮಾತ್ರ ಅವಳಿಗೆ ಆವತ್ತೇ ತಿಳಿದದ್ದು.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಪೈಪ್ ಬಂದದ್ದು ಹೊಸೂರಿನಿಂದಾಗಿದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲಿಗೆ 9,000 ಐಜಿಎಸ್‌ಟಿ ಇರಬೇಕು. ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ಲನ್ನು ತೋರಿಸಿದ್ದರೆ ಅದು 14ನೇ ತಾರೀಖು ಪೋರ್ಟಲ್ಲಿನಲ್ಲಿ ನಮ್ಮ ಪಾರ್ಟಿಯ 2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ತೋರಿಸದಿದ್ದರೆ ಇಲ್ಲ. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ: ಆ ಪಟ್ಟಿಯಲ್ಲಿ ಇಲ್ಲದ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ಬಿಲ್ ಕೈಯಲ್ಲಿದೆ, ಹಣ ಕೊಟ್ಟಾಗಿದೆ, ಆದರೂ ಒಂಬತ್ತು ಸಾವಿರ ಸಿಗುವುದಿಲ್ಲ. ಆಗ ಆ ಹುಡುಗಿ ಫೋನ್ ಎತ್ತಿಕೊಂಡು, ತಾನು ಮುಖ ನೋಡದ ಒಬ್ಬ ಡೀಲರಿಗೆ, "ಸರ್, ಇನ್‌ವಾಯ್ಸ್ ಅಪ್‌ಲೋಡ್ ಆಗಿಲ್ಲ, ಈ ತಿಂಗಳು ಮಾಡಿಕೊಡಿ" ಎಂದು ಮರ್ಯಾದೆಯಿಂದ, ಆದರೆ ಬಿಡದೆ ಕೇಳಬೇಕು. 14ರಿಂದ 20ರವರೆಗೆ ಆಡಿಟರ್ ಆಫೀಸುಗಳಲ್ಲಿ ನಡೆಯುವುದು ಬಹುಪಾಲು ಇಂಥ ಫೋನುಗಳೇ, ಏಕೆಂದರೆ ತಿಂಗಳ ಲೆಕ್ಕ ಕೊಡುವವರು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಅದಕ್ಕೂ ಮೊದಲು 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ. ಬಿ.ಕಾಂ. ಮುಗಿಸಿದವರು ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ತಾರೀಖುಗಳು ಅವರ ಬದುಕಿನ ಪಂಚಾಂಗವಾಗುತ್ತವೆ.

ಕಾಲೇಜಿನಲ್ಲಿ ಜಿಎಸ್‌ಟಿ ಪೇಪರ್ ಇಲ್ಲವೆಂದಲ್ಲ. ಇದೆ. 2017ರ ಜುಲೈ 1ರಂದು ಹೊಸ ತೆರಿಗೆ ಬಂದ ಮೇಲೆ ವಿಶ್ವವಿದ್ಯಾಲಯಗಳು ಅದನ್ನು ಪಠ್ಯಕ್ಕೆ ಸೇರಿಸಿದವು. ಸೆಕ್ಷನ್ನುಗಳಿವೆ, ವ್ಯಾಖ್ಯೆಗಳಿವೆ, ಲೆಕ್ಕಗಳೂ ಇವೆ. ಪೋರ್ಟಲ್ ತೆರೆದು ತೋರಿಸುವವರು ಇಲ್ಲ. ಇದರಲ್ಲಿ ಉಪನ್ಯಾಸಕರನ್ನು ದೂರಿ ಪ್ರಯೋಜನವಿಲ್ಲ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿವೆ, ಅವುಗಳಲ್ಲಿ ಬಹಳಷ್ಟನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಮೇಷ್ಟ್ರು ಹಾರ್ಡ್‌ವೇರ್ ಅಂಗಡಿಯವರನ್ನು ಪರಿಚಯ ಮಾಡಿಕೊಂಡು ಬಿಲ್ಲು ತಂದು ಪಾಠ ಮಾಡಲಿ ಎಂದು ಯಾವ ಬಾಯಿಯಲ್ಲಿ ಹೇಳುವುದು? ಎಷ್ಟೋ ಕಡೆ ಅವರ ನೇಮಕದ ಪಟ್ಟಿ ಬರುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಕಳೆದಿರುತ್ತದೆ.

ಇದರ ಜೊತೆಗೆ ಪಠ್ಯಕ್ರಮದ ಏರುಪೇರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲಿಗೆ ಜಾರಿ ಮಾಡಿದ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತು. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ಶಿಫಾರಸಿನ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಹೀಗಾಗಿ ಒಂದೇ ಕಾಲೇಜಿನಲ್ಲಿ ಅಕ್ಕ ಓದಿದ ಪಠ್ಯ ಬೇರೆ, ತಂಗಿ ಓದುವ ಪಠ್ಯ ಬೇರೆ. ಯಾವುದು ಸರಿ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಆ ನಡುವೆ ಬಂದ ಒಂದು ಒಳ್ಳೆಯ ಸಂಗತಿಯನ್ನು ಮಾತ್ರ ಹೇಳಬೇಕು: ಬಿ.ಕಾಂ.ಗೆ ಇಂಟರ್ನ್‌ಶಿಪ್ ಸೇರಿಸಿದ್ದು. ಆಲೋಚನೆ ಸರಿಯಾಗಿತ್ತು, ನಡೆದದ್ದು ಬೇರೆ. ಎಲ್ಲಿಗೆ ಹೋಗಬೇಕೆಂದು ಕಾಲೇಜು ಹೇಳಲಿಲ್ಲ, ಮಕ್ಕಳಿಗೆ ಗೊತ್ತಿರಲಿಲ್ಲ. ಪರಿಚಯದ ಅಂಗಡಿಯವರಿಂದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಜೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದವರ ರಿಪೋರ್ಟಿನ ಹೆಸರು ಬದಲಿಸಿ ಪ್ರಿಂಟ್, ಸ್ಪೈರಲ್ ಬೈಂಡಿಂಗ್, ವೈವಾ. ನಮ್ಮ ಆಫೀಸಿಗೂ ಬರೀ ಪತ್ರ ಕೇಳಿಕೊಂಡು ಬಂದವರಿದ್ದಾರೆ. "ಪತ್ರ ಕೊಡ್ತೀನಿ, ನಾಲ್ಕು ವಾರ ಬಂದು ಕೂತ್ಕೊ" ಎಂದರೆ ಕೆಲವರಿಗೆ ಆಶ್ಚರ್ಯ, ಹೆಚ್ಚಿನವರಿಗೆ ಸಂತೋಷ. ಬರುವುದಕ್ಕೆ ಮಕ್ಕಳಿಗೆ ಮನಸ್ಸಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ಬಾ ಎಂದು ಕರೆದವರು ಕಡಿಮೆ.

ಹಿಂದಿನ ತಲೆಮಾರಿಗೆ ಈ ಗೊಂದಲ ಇರಲಿಲ್ಲ, ಏಕೆಂದರೆ ಅವರಿಗೆ ಬ್ಯಾಂಕುಗಳಿದ್ದವು. ಮಂಗಳೂರು, ಉಡುಪಿಯ ಕಡೆ ಇದಕ್ಕೊಂದು ದೊಡ್ಡ ಚರಿತ್ರೆಯೇ ಇದೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನು, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದರು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬಂದವು. 1969ರಲ್ಲಿ, ಮತ್ತೆ 1980ರಲ್ಲಿ ಇವು ರಾಷ್ಟ್ರೀಕರಣಗೊಂಡು ಹಳ್ಳಿ ಹಳ್ಳಿಗೆ ಶಾಖೆ ತೆರೆದಾಗ ಬಿ.ಕಾಂ. ಪದವೀಧರರಿಗೆ ಬಾಗಿಲು ಅಗಲವಾಗಿ ತೆರೆಯಿತು. ಕ್ಲರ್ಕಾಗಿ ಸೇರಿದವರು ಮ್ಯಾನೇಜರಾಗಿ ನಿವೃತ್ತರಾದರು, ಮನೆ ಕಟ್ಟಿಸಿದರು, ತಮ್ಮ ತಂಗಿಯರನ್ನು ಓದಿಸಿದರು. ಈಗ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಗಿವೆ. ಕೆಲಸ ಕೊಡುವುದು ಐಬಿಪಿಎಸ್ ಪರೀಕ್ಷೆ. ಅದನ್ನು ಬಿ.ಕಾಂ. ಅಷ್ಟೇ ಅಲ್ಲ, ಬಿ.ಇ. ಮಾಡಿದವರೂ ಬರೆಯುತ್ತಾರೆ, ಗಣಿತ ಮತ್ತು ರೀಸನಿಂಗ್‌ನಲ್ಲಿ ಅವರ ವೇಗ ಹೆಚ್ಚು. ಒಂದು ಅನುಕೂಲ ಮಾತ್ರ ಆಗಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯ ಹಾಗೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನೂ ಈಗ ಕನ್ನಡದಲ್ಲಿ ಬರೆಯಬಹುದು. ಬರೆಯುವುದಾದರೆ ಡಿಗ್ರಿಯ ಎರಡನೇ ವರ್ಷದಿಂದಲೇ ತಯಾರಿ ಬೇಕು. ಎಲ್ಲ ಬಿಟ್ಟು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ನಾಲ್ಕೈದು ವರ್ಷ ಪರೀಕ್ಷೆಗಳನ್ನೇ ಬರೆಯುತ್ತ ಕೂತವರನ್ನು ಕಂಡಿದ್ದೇನೆ. ಕೆಲಸ ಸಿಗದಿದ್ದರೆ ಆ ವರ್ಷಗಳಿಗೆ ಬಯೋಡೇಟಾದಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ಇದು ಆ ಮಕ್ಕಳ ಶ್ರಮಕ್ಕೆ ಆಗುವ ಅನ್ಯಾಯ.

ಇನ್ನು ಬೆಂಗಳೂರಿನ ದಾರಿ. ಇವತ್ತು ಅತಿ ಹೆಚ್ಚು ಬಿ.ಕಾಂ. ಮಕ್ಕಳು ಹಿಡಿಯುವುದು ಇದನ್ನೇ. ವಿದೇಶಿ ಕಂಪನಿಗಳು ತಮ್ಮ ಲೆಕ್ಕಪತ್ರದ ಕೆಲಸವನ್ನು ಇಲ್ಲಿಂದ ಮಾಡಿಸಿಕೊಳ್ಳುತ್ತವೆ; ಇಂಥ ಜಾಗತಿಕ ಕೇಂದ್ರಗಳು ಭಾರತದಲ್ಲಿ ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ. ಫ್ರೆಶರ್ ಆಗಿ ಸೇರುವವರಿಗೆ ಸಾಮಾನ್ಯವಾಗಿ ಕೊಡುವುದು ಅಕೌಂಟ್ಸ್ ಪೇಯಬಲ್ ವಿಭಾಗದ ಕೆಲಸ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಕಂಪನಿಗೆ ಬಂದ ಇನ್‌ವಾಯ್ಸ್ ಪರದೆಯ ಮೇಲೆ ಬರುತ್ತದೆ. ಆರ್ಡರ್ ಕೊಟ್ಟ ದಾಖಲೆ, ಸರಕು ಬಂದ ರಸೀದಿ, ಈ ಇನ್‌ವಾಯ್ಸ್, ಮೂರನ್ನೂ ಪಕ್ಕಪಕ್ಕ ಇಟ್ಟು ಪ್ರಮಾಣ, ದರ, ಮೊತ್ತ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದಿದರೆ ಪಾವತಿಗೆ ಬಿಡಬೇಕು, ಇಲ್ಲದಿದ್ದರೆ ತಡೆಹಿಡಿದು ಸಂಬಂಧಪಟ್ಟವರಿಗೆ ಮೇಲ್ ಹಾಕಬೇಕು. ದಿನಕ್ಕೆ ಇಂತಿಷ್ಟು ಎಂದು ಗುರಿ ಇರುತ್ತದೆ.

ಈ ಕೆಲಸವನ್ನು ಡೇಟಾ ಎಂಟ್ರಿ ಎಂದು ಹಗುರವಾಗಿ ಕಾಣುವವರ ಜೊತೆ ನನಗೆ ಜಗಳವಿದೆ. ಬಿಲ್ ಹಾಕುವವರೇ ಹಣ ಬಿಡುಗಡೆ ಮಾಡಬಾರದು, ಸರಕು ಪಡೆದವರೇ ಆರ್ಡರಿಗೆ ಸಹಿ ಹಾಕಬಾರದು ಎಂಬ ಶಿಸ್ತನ್ನು ಅಲ್ಲಿ ಪ್ರತಿ ಕ್ಲಿಕ್ಕಿನಲ್ಲೂ ಕಲಿಯಬಹುದು. ನಮ್ಮ ಊರಿನ ಎಷ್ಟೋ ಸಂಸ್ಥೆಗಳಲ್ಲಿ ಹಣ ಪೋಲಾಗುವುದು ಈ ಶಿಸ್ತು ಇಲ್ಲದೆಯೇ. ಎಸ್‌ಎಪಿ ಸಾಫ್ಟ್‌ವೇರ್ ಕೈಗೆ ಬರುತ್ತದೆ, ನಾಲ್ಕು ಸಾಲಿನ ಇಂಗ್ಲಿಷ್ ಮೇಲನ್ನು ಅಳುಕಿಲ್ಲದೆ ಬರೆಯುವುದು ಅಭ್ಯಾಸವಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಆರು ತಿಂಗಳಲ್ಲಿ ವಿದೇಶದವರ ಜೊತೆ ಕಾಲ್‌ನಲ್ಲಿ ಮಾತಾಡುವುದನ್ನು ಕೇಳಿ ಅವಳ ತಂದೆಗೆ ಆದ ಹೆಮ್ಮೆ ಸಣ್ಣದಲ್ಲ.

ತೊಂದರೆ ಇರುವುದು ಬೇರೆ ಕಡೆ. ಅಲ್ಲಿ ಅವಳಿಗೆ ಕಾಣುವುದು ಲೆಕ್ಕದ ಒಂದೇ ಒಂದು ಕಿಟಕಿ. ಎರಡು ವರ್ಷ ಸಾವಿರಾರು ಇನ್‌ವಾಯ್ಸ್ ನೋಡಿದರೂ ಆ ಕಂಪನಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಅವಳಿಗೆ ತಿಳಿಯುವುದಿಲ್ಲ. ಬ್ಯಾಂಕ್ ಹೊಂದಾಣಿಕೆ ಬೇರೆ ತಂಡದ್ದು, ತಿಂಗಳ ಕೊನೆಯ ಕ್ಲೋಸಿಂಗ್ ಇನ್ನೊಂದು ತಂಡದ್ದು, ತೆರಿಗೆ ಮತ್ತೊಂದು ದೇಶದ್ದು. ಮತ್ತು ಮೂರು ದಾಖಲೆಗಳನ್ನು ಹೊಂದಿಸಿ ನೋಡುವ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸುವ ಪ್ರಯತ್ನ ಎಲ್ಲ ಕಡೆ ನಡೆದಿದೆ. ಹೊಂದದೆ ಉಳಿದದ್ದನ್ನು ಬಿಡಿಸುವವರು ಮುಂದೆಯೂ ಬೇಕಾಗುತ್ತಾರೆ, ಆದರೆ ಅದಕ್ಕೆ ಲೆಕ್ಕದ ಪೂರ್ತಿ ಚಿತ್ರ ತಲೆಯಲ್ಲಿ ಇರಬೇಕು. ಆದ್ದರಿಂದ ಸೇರಿದ ವರ್ಷದೊಳಗೆ ಪಕ್ಕದ ತಂಡಕ್ಕೆ, ಅದರಲ್ಲೂ ಜನರಲ್ ಲೆಡ್ಜರ್ ಮತ್ತು ಕ್ಲೋಸಿಂಗ್ ನೋಡಿಕೊಳ್ಳುವ ತಂಡಕ್ಕೆ ಹೋಗಲು ಕೇಳಿಕೊಳ್ಳಿ ಎಂದು ನನ್ನನ್ನು ಕೇಳಿದ ಎಲ್ಲರಿಗೂ ಹೇಳುತ್ತೇನೆ.

ಇನ್ನು ಸಂಬಳದ ಮಾತು. ಲೆಕ್ಕ ಓದಿದವರೇ ತಮ್ಮ ಆಫರ್ ಲೆಟರನ್ನು ಲೆಕ್ಕ ಹಾಕಿ ನೋಡುವುದಿಲ್ಲ. ವರ್ಷಕ್ಕೆ ಮೂರು ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಮನೆಯವರಿಗೆ ಹೇಳಿಬಿಡುತ್ತಾರೆ. ಮೂಲವೇತನ ಅರ್ಧ, ಅಂದರೆ 12,500 ಎಂದಿಟ್ಟುಕೊಳ್ಳಿ. ಅದರ ಶೇ. 12ರಂತೆ ಕಂಪನಿ ಕಟ್ಟುವ ಪಿಎಫ್ 1,500 ಈ 25,000ದ ಒಳಗೇ ಇದೆ. ಗ್ರಾಚ್ಯುಟಿ ಎಂದು ಶೇ. 4.81ರಂತೆ ಸುಮಾರು 601 ರೂಪಾಯಿಯನ್ನೂ ಅದರಲ್ಲೇ ತೋರಿಸಿರುತ್ತಾರೆ, ಅದು ಸಿಗುವುದು ವರ್ಷಗಳ ನಂತರ. ಉಳಿದದ್ದು 22,899. ಅದರಿಂದ ಉದ್ಯೋಗಿಯ ಪಾಲಿನ ಪಿಎಫ್ ಮತ್ತೆ 1,500 ಹೋದರೆ ಕೈಗೆ 21,399. ವೇರಿಯಬಲ್ ಪೇ, ವಿಮೆ ಎಂದು ಬರೆದಿದ್ದರೆ ಇನ್ನೂ ಇಳಿಯುತ್ತದೆ. ಇದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ಊರಿಗೆ ಕಳಿಸುವುದು ಎಲ್ಲ ಆಗಬೇಕು. ಪಿಎಫ್ ದಂಡವಲ್ಲ, ಉಳಿತಾಯ. ಅದನ್ನು ಕೆಲಸ ಬಿಟ್ಟಾಗಲೆಲ್ಲ ಬಿಡಿಸಿಕೊಳ್ಳಬಾರದು. ಆದರೆ ಸಹಿ ಹಾಕುವ ಮೊದಲು ಈ ಕೂಡು ಕಳೆಯನ್ನು ಒಂದು ಹಾಳೆಯ ಮೇಲೆ ಮಾಡಬೇಕು. ಕೆಲಸ ಕೊಡಿಸುತ್ತೇವೆ ಎಂದು ಮೊದಲೇ ದುಡ್ಡು ಕೇಳುವ ಕನ್ಸಲ್ಟೆನ್ಸಿಗಳ ಕಡೆ ತಲೆ ಹಾಕಲೇಬಾರದು.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಊರಿನ ಆಡಿಟರ್ ಆಫೀಸುಗಳಲ್ಲಿ ಪೂರ್ತಿ ಲೆಕ್ಕ ನೋಡಲು ಸಿಗುತ್ತದೆ, ನಿಜ. ಒಂದೇ ವರ್ಷದಲ್ಲಿ ಅಕ್ಕಿ ಗಿರಣಿ, ನರ್ಸಿಂಗ್ ಹೋಂ, ಕಾಂಟ್ರ್ಯಾಕ್ಟರ್, ಬಟ್ಟೆ ಅಂಗಡಿ, ಎಲ್ಲರ ಪುಸ್ತಕವೂ ಕೈಗೆ ಬರುತ್ತದೆ. ವೋಚರಿನಿಂದ ಬ್ಯಾಲೆನ್ಸ್ ಶೀಟಿನವರೆಗೆ ಒಬ್ಬರೇ ಮಾಡಬಹುದು. ಅದಕ್ಕೇ ನಾನು ಇದನ್ನು ಮೊದಲ ಕೆಲಸವಾಗಿ ಮೆಚ್ಚುತ್ತೇನೆ. ಆದರೆ ಕಲಿಸುತ್ತೇವೆ ಎಂಬ ಹೆಸರಿನಲ್ಲಿ ಬಸ್ ಚಾರ್ಜಿಗೂ ಸಾಲದ ಸಂಬಳ ಕೊಟ್ಟು ರಾತ್ರಿ ಎಂಟರವರೆಗೆ ಕೂರಿಸುವ ಪದ್ಧತಿ ನಮ್ಮಲ್ಲಿ ಇದೆ. ಬಡವರ ಮನೆಯ ಮಗಳು ಕಲಿಕೆಗಾಗಿ ಎರಡು ವರ್ಷ ಕಾಯಲಾರಳು. ಅವಳು ಬೆಂಗಳೂರಿನ ಬಸ್ಸು ಹತ್ತುತ್ತಾಳೆ, ಹತ್ತಬೇಕಾದದ್ದೇ. ಕಲಿಸುವುದಕ್ಕೂ ಬದುಕುವಷ್ಟು ಕೊಡುವುದಕ್ಕೂ ನಡುವೆ ಒಂದು ದಾರಿ ಕಾನೂನಿನಲ್ಲೇ ಇದೆ, ನಮ್ಮವರು ಅದನ್ನು ಬಳಸುತ್ತಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಬಿ.ಕಾಂ. ಪದವೀಧರರನ್ನೂ ತೆಗೆದುಕೊಳ್ಳಬಹುದು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಎಂದು ನಿಗದಿಯಾಯಿತು, ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಏರ್ಪಾಡಿದೆ. ಮೂವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ನಾಲ್ಕು ಜನ ಇರುವ ಸಣ್ಣ ಸಂಸ್ಥೆಯೂ ಬೇಕಾದರೆ ಸೇರಬಹುದು. ಆ ಸ್ಟೈಪೆಂಡಿಗೆ ಸಂಸ್ಥೆ ತನ್ನ ಕೈಯಿಂದ ಇನ್ನಷ್ಟು ಸೇರಿಸಿ ಕೊಡಲು ಯಾವ ಅಡ್ಡಿಯೂ ಇಲ್ಲ. ಊರಿನ ಆಫೀಸುಗಳು, ಗಿರಣಿಗಳು, ಡೀಲರುಗಳು ಇದಕ್ಕೆ ಮನಸ್ಸು ಮಾಡಿದರೆ ಎಷ್ಟೋ ಮಕ್ಕಳು ಊರಿನಲ್ಲೇ ನಿಲ್ಲುತ್ತಾರೆ.

ರಾಜ್ಯ ಸರ್ಕಾರದ ಯುವನಿಧಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದ ಈ ಯೋಜನೆ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುತ್ತದೆ. ಅರ್ಜಿ ಫೀಸಿಗೂ ಅಪ್ಪನನ್ನು ಕೇಳಬೇಕಾದ ಹುಡುಗಿಗೆ ಅದರ ಬೆಲೆ ಗೊತ್ತು. ಅವಳ ಕೈಗೆ ಹಣದ ಜೊತೆಗೆ ಒಂದು ಕುರ್ಚಿಯೂ, ತಪ್ಪು ತಿದ್ದುವ ಒಬ್ಬ ಹಿರಿಯರೂ ಸಿಗಲಿ ಎಂಬುದು ನನ್ನ ಆಸೆ. 2024-25ರಿಂದ ರಾಜ್ಯದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಓದಿನ ಜೊತೆಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಬಿ.ಕಾಂ. ಶುರುವಾಗಿದೆ. ಆ ದಿಕ್ಕು ಸರಿಯಾಗಿದೆ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವುದಕ್ಕಷ್ಟೇ ಆ ಮಕ್ಕಳನ್ನು ಬಳಸಿಕೊಳ್ಳದಂತೆ ಕಾಲೇಜು ಕಣ್ಣಿಟ್ಟಿರಬೇಕು.

ಸಿಎ ಓದಲು ಮನಸ್ಸಿದ್ದೂ ಹೆದರಿ ಬಿಟ್ಟವರಿಗೆ ಒಂದು ಮಾಹಿತಿ. ಪಿಯುಸಿ ಮುಗಿದ ಕೂಡಲೇ ಫೌಂಡೇಶನ್ ಬರೆಯದಿದ್ದರೆ ದಾರಿ ಮುಚ್ಚಿತು ಎಂದು ಹಳ್ಳಿಯ ಕಡೆ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಬಿ.ಕಾಂ.ನಲ್ಲಿ ಶೇ. 55 ಅಂಕ ಇದ್ದರೆ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೆಸರು ನೋಂದಾಯಿಸಬಹುದು. 2023ರ ಜುಲೈನಿಂದ ಬಂದ ಹೊಸ ವ್ಯವಸ್ಥೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕಷ್ಟದ ಪರೀಕ್ಷೆ, ಎರಡು ಮಾತಿಲ್ಲ. ಆದರೆ ತಾಲ್ಲೂಕು ಕಾಲೇಜಿನಲ್ಲಿ ಕಲಿತು, ಆಫೀಸಿನಲ್ಲಿ ವೋಚರ್ ತಿರುವಿ ಹಾಕಿದ ಕೈಗೆ ಆ ಪುಸ್ತಕಗಳು ಅಷ್ಟು ಅಪರಿಚಿತವಾಗಿ ಕಾಣುವುದಿಲ್ಲ. ಎಂಬಿಎ ಬೇಕೆನ್ನುವವರೂ ಎರಡು ವರ್ಷ ಕೆಲಸ ಮಾಡಿ ಹೋದರೆ ಅಲ್ಲಿನ ಪಾಠದ ಅರ್ಧ ಭಾಗ ತಮ್ಮದೇ ಅನುಭವವಾಗಿ ಕೇಳಿಸುತ್ತದೆ.

ಕಾಲೇಜುಗಳ ವಾಣಿಜ್ಯ ವಿಭಾಗದವರಲ್ಲಿ ನನ್ನದೊಂದು ಕೋರಿಕೆ. ಇದಕ್ಕೆ ಅನುದಾನ ಬೇಡ, ಸುತ್ತೋಲೆ ಬೇಡ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದಿಂದ ಶುರುವಾಗಿ ಇವತ್ತು ನಮ್ಮ ಹಳ್ಳಿಹಳ್ಳಿಯಲ್ಲೂ ಒಂದು ಹಾಲಿನ ಡೇರಿ ಸಂಘವೋ ಕೃಷಿ ಪತ್ತಿನ ಸಂಘವೋ ಇದೆ. ಸಂಘಗಳು ಸರ್ವಸದಸ್ಯರ ಸಭೆಗೆ ಮುಂಚೆ ವಾರ್ಷಿಕ ವರದಿಯನ್ನು ಅಚ್ಚು ಹಾಕಿಸಿ ಸದಸ್ಯರ ಮನೆಗೆ ಕಳಿಸುತ್ತವೆ. ಜಮಾ ಖರ್ಚು, ವ್ಯಾಪಾರಿ ತಃಖ್ತೆ, ಲಾಭ ನಷ್ಟ, ಅಢಾವೆ ಪತ್ರಿಕೆ, ಎಲ್ಲವೂ ಕನ್ನಡದಲ್ಲೇ ಇರುತ್ತದೆ. ನಿಮ್ಮ ವಿದ್ಯಾರ್ಥಿಗಳ ಮನೆಯ ಗೂಡಿನಲ್ಲಿ, ಹಾಲಿನ ಪಾಸ್‌ಬುಕ್ಕಿನ ಜೊತೆ ಆ ಪುಸ್ತಕ ಇದೆ. ಅವರ ತಂದೆ ತಾಯಿ ಆ ಸಂಘದ ಷೇರುದಾರರು. ಅದನ್ನು ತರಗತಿಗೆ ತರಲು ಹೇಳಿ. ಹಾಲು ಮಾರಾಟದ ಮೊತ್ತಕ್ಕೂ ರೈತರಿಗೆ ಬಟವಾಡೆ ಮಾಡಿದ್ದಕ್ಕೂ ಅಂತರ ಎಷ್ಟು, ಪಶು ಆಹಾರದ ದಾಸ್ತಾನು ಹೋದ ವರ್ಷಕ್ಕಿಂತ ಏಕೆ ಜಾಸ್ತಿಯಾಯಿತು, ಬರಬೇಕಾದ ಬಾಕಿಯಲ್ಲಿ ಮೂರು ವರ್ಷಕ್ಕಿಂತ ಹಳೆಯದು ಎಷ್ಟಿದೆ ಎಂದು ಕೇಳಿ. ಮರುದಿನ ಅದೇ ಸಂಘದ ಕಾರ್ಯದರ್ಶಿಯನ್ನು ಕರೆಸಿ ಉತ್ತರ ಕೊಡಿಸಿ. 2022ರಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಲೆಡ್ಜರಿನಲ್ಲಿರುವ ಬಾಕಿಗಳನ್ನು ಕಂಪ್ಯೂಟರಿಗೆ ಸರಿಯಾಗಿ ಸಾಗಿಸುವ ಈ ಕೆಲಸಕ್ಕೆ ಲೆಕ್ಕ ಗೊತ್ತಿರುವ ಕೈಗಳು ಬೇಕು. ನಾಲ್ಕು ವಾರದ ಇಂಟರ್ನ್‌ಶಿಪ್ಪಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಈಗಾಗಲೇ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರು ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರನ್ನು ಮನೆಯಲ್ಲೇ ಕಲಿಯಬಹುದು. ಅದರ ಕಂಪನಿಯನ್ನು 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದರು. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಟ್ಯಾಲಿಯ ಎಜುಕೇಶನಲ್ ಮೋಡ್ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು ಕೊನೆಯ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತಾರೆ; ಕಲಿಯಲು ಅಷ್ಟು ಸಾಕು. ಪರಿಚಯದ ಅಂಗಡಿಯವರಲ್ಲಿ ಒಂದು ತಿಂಗಳ ಖರೀದಿ, ಮಾರಾಟದ ಬಿಲ್ಲುಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೇಳಿ ಪಡೆಯಿರಿ. ಎಲ್ಲವನ್ನೂ ಎಂಟ್ರಿ ಹಾಕಿ, ಪುಸ್ತಕದ ಬ್ಯಾಂಕ್ ಬಾಕಿಯನ್ನು ಸ್ಟೇಟ್‌ಮೆಂಟಿಗೆ ಹೋಲಿಸಿ. ಮೊದಲ ಸಲ ಹೊಂದುವುದಿಲ್ಲ. ಎಲ್ಲೋ ಒಂದು ಚೆಕ್ ಇನ್ನೂ ಪಾಸಾಗಿಲ್ಲ, ಎಲ್ಲೋ ಬ್ಯಾಂಕು ಎಸ್‌ಎಂಎಸ್ ಚಾರ್ಜು ಹಿಡಿದಿದೆ, ಎಲ್ಲೋ ಗ್ರಾಹಕರೊಬ್ಬರು ಹೆಸರು ಹೇಳದೆ ಫೋನ್‌ಪೇ ಮಾಡಿದ್ದಾರೆ. ಆ ವ್ಯತ್ಯಾಸವನ್ನು ಒಂದೊಂದಾಗಿ ಹುಡುಕಿ, ಸೊನ್ನೆಗೆ ತಂದು, ಪ್ರಿಂಟ್ ತೆಗೆದು ಬಯೋಡೇಟಾದ ಹಿಂದೆ ಪಿನ್ ಮಾಡಿಕೊಂಡು ಆಡಿಟರ್ ಆಫೀಸಿಗೆ ಬನ್ನಿ. ನಾವು ಅಂಕಪಟ್ಟಿಗಿಂತ ಮೊದಲು ಅದನ್ನೇ ಓದುತ್ತೇವೆ.